ಅಕ್ಕ ಹರಿಸಿದ ನದಿ

ಕಳೆದ ವಾರ ಚಿಕ್ಕಜಾಲದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಕಡಲೆಕಾಯಿ ಹುರಿಯುವ ವಾಸನೆ ಬಂತು. ಸಂಜಯನಗರದ ಮೇಲ್ಮನೆ ಅಕ್ಕ ನೆನಪಾದರು. ಅವರು ಅದನ್ನು ಶೇಂಗಾ ಅನ್ನುತ್ತಿದ್ದರು...

ಧಾರವಾಡದ ಕಡೆಯವರು, ಇಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಭಾನುವಾರ ಮಧ್ಯಾಹ್ನ ತಾರಸಿಯಲ್ಲಿ ಚಾಪೆ ಹಾಸಿ ನಮ್ಮನ್ನು ಆಟಕ್ಕೆ ಕೂರಿಸುತ್ತಿದ್ದರು. ಬೋರ್ಡಿಲ್ಲ, ಪರದೆಯಿಲ್ಲ. ಅಕ್ಕ ಒಂದು ಲೋಕವನ್ನು ಹೇಳುತ್ತ ಹೋಗುವುದು. ಅದರೊಳಗೆ ಒಂದೊಂದು ಪಾತ್ರವಾಗಿ, ಏನು ಮಾಡುತ್ತೇವೆಂದು ನಾವು ಹೇಳುವುದು. ಆಗುತ್ತದೋ ಇಲ್ಲವೋ ಎಂಬಲ್ಲಿ ದಾಳ.

ನಾನಾಗ ಎಂ.ಎಸ್ಸಿ. ಓದುತ್ತಿದ್ದೆ, ಏನನ್ನೂ ನಂಬುತ್ತಿರಲಿಲ್ಲ. ಅಕ್ಕ ಕಥೆಯನ್ನು ಮೊದಲೇ ಹೆಣೆದಿಟ್ಟು, ಆಯ್ಕೆ ನಮ್ಮದೆಂದು ನಂಬಿಸುತ್ತಾರೆ ಎಂಬ ಗುಮಾನಿ. ಅದನ್ನು ಬಯಲು ಮಾಡಲೆಂದೇ ಒಂದು ದಿನ, ಆಟದಲ್ಲಿ ಎಲ್ಲರೂ ಕೋಟೆಗೆ ಹೊರಟಾಗ, ನಾನು ಬರುವುದಿಲ್ಲ, ನದಿ ದಂಡೆಯಲ್ಲಿ ಸುಮ್ಮನೆ ಕೂರುತ್ತೇನೆ ಎಂದೆ. ಅಕ್ಕ ಅಲ್ಲಿಯವರೆಗೆ ನದಿಯ ಮಾತೇ ಎತ್ತಿರಲಿಲ್ಲ.

"ಆಟ ಕೆಡಿಸ್ಬೇಡ ಕಣೋ" ಎಂದ ಕೆಳಮನೆ ಗೆಳೆಯ. ಅವನದು ಊರೂರು ಅಲೆಯುವ ಹಾಡುಗಾರನ ಪಾತ್ರ, ವರ್ಷದಿಂದ ಮಗುವಿನಂತೆ ಸಾಕಿದ್ದ. ಸತ್ತ ಪಾತ್ರ ಆಟಕ್ಕೆ ಮರಳುವಂತಿರಲಿಲ್ಲ.

ಅಕ್ಕ ನನ್ನ ಕಡೆ ತಿರುಗಿದರು. "ಕುಂದ್ರಪಾ. ಕಾಲು ನೀರಾಗ ಅದಾವೋ, ಹೊರಗೋ?"

ನೀರಲ್ಲಿ ಎಂದೆ.

ಆ ನದಿ ಈಗ ಉಳಿದವರ ದಾರಿಗೂ ಅಡ್ಡ ಬಂತು. ರಾತ್ರಿಗೆ ಅವರು ನಾನಿದ್ದಲ್ಲಿಂದ ಕೆಳಗಡೆ, ಮರಳುದಿಬ್ಬದ ಮೇಲೆ ಬಿಡಾರ ಹೂಡಿ ಮಲಗಿದರು. ನನ್ನ ಸರದಿ ಬಂದಾಗಲೆಲ್ಲ ಕೂತೇ ಇದ್ದೇನೆ ಎನ್ನುತ್ತಿದ್ದೆ. ನೀರು ತಣ್ಣಗಿದೆ ಎಂದರು ಅಕ್ಕ. ಆಮೇಲೆ, ನೀರು ಕೆಂಪಾಗಿದೆ, ಪಾದ ಕಾಣುತ್ತಿಲ್ಲ ಎಂದರು. ಆಮೇಲೆ... ಮೊಣಕಾಲಿಗೆ ಬಂದಿದೆ ಎಂದರು. ಮೇಲೆಲ್ಲೋ ಕಟ್ಟೆ ಒಡೆದಿತ್ತು. ಆ ಲೋಕದಲ್ಲಿ ಅದು ಗೊತ್ತಿದ್ದದ್ದು ನನಗೊಬ್ಬನಿಗೇ. ಗೆಳೆಯನ ಕಿವಿಗೆ ಎಲ್ಲ ಬೀಳುತ್ತಿತ್ತು, ಆದರೆ ಅವನ ಹಾಡುಗಾರ ನಿದ್ದೆಯಲ್ಲಿದ್ದ.

"ಮಗಾ, ಎದ್ದೇಳೋ" ಎಂದ ಮೆಲ್ಲಗೆ.

ಅವರನ್ನು ಎಬ್ಬಿಸಲು ಓಡುತ್ತೇನೆ ಎಂದೆ. ಚಾಪೆಯಿಂದ ಎದ್ದೇ ನಿಂತಿದ್ದೆ ಎಂದು ನನ್ನ ನೆನಪು, ಗೆಳೆಯ ಇಲ್ಲವೆನ್ನುತ್ತಾನೆ. ದಾಳ ಉರುಳುವಾಗ ಕಣ್ಣು ಮುಚ್ಚಿಕೊಂಡದ್ದಂತೂ ನಿಜ. ಹಾಡುಗಾರ ಉಳಿದ.

ಈ ಪ್ರವಾಹ ಮೊದಲೇ ಯೋಚಿಸಿದ್ದೇ ಎಂದು ಮೆಟ್ಟಿಲಿಳಿಯುವಾಗ ಕೇಳಿದೆ. "ನೀ ಕುಂತಿ ನೋಡು, ಅದಕ್ಕ ಹರೀತು" ಎಂದರು. ಹೀಗೇ ಅಂದರೇ, ನಾನೇ ಅವರ ಬಾಯಿಗೆ ಹಾಕಿಕೊಂಡೆನೇ... ಖಾತ್ರಿಯಿಲ್ಲ. ಮೈ ಜುಮ್ಮೆಂದದ್ದು ಮಾತ್ರ ಕಲ್ಪನೆಯಲ್ಲ. ನನ್ನ ಮೊಂಡುತನದಿಂದಲೇ ಅವರು ಒಂದು ನದಿ ಮಾಡಿದ್ದರು.

ಅಕ್ಕ ತೀರಿಕೊಂಡ ಸುದ್ದಿ ನಮಗೆ ತಡವಾಗಿ ತಲುಪಿತು. ಈಗ ಕಂಪ್ಯೂಟರ್ ಆಟಗಳಲ್ಲಿ ನೀರು ನಿಜದ ನೀರಿಗಿಂತ ಚೆನ್ನಾಗಿ ಹೊಳೆಯುತ್ತದೆ. ಒಮ್ಮೊಮ್ಮೆ ನನ್ನ ಪಾತ್ರವನ್ನು ದಂಡೆಯಲ್ಲಿ ಕೂರಿಸಿ ಕಾಯುತ್ತೇನೆ. ನದಿ ಹರಿಯುತ್ತಲೇ ಇರುತ್ತದೆ. ಪಕ್ಕದಲ್ಲೊಬ್ಬ ಬಂದು ಕೂತದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ.