ಮಣ್ಣು ಕೊಡದ ಊರಿನಲ್ಲಿ ಹೊನ್ನಕ್ಕ

ಮಲ್ಲಿಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿ, ಊರಿಂದಾಚೆ ಇದ್ದ ಕೇರಿಯ ಕೊನೆಯ ಗುಡಿಸಲು ಹೊನ್ನಕ್ಕನದು. ಅವಳಿಗೂ ಗಂಡ ಬೋರಪ್ಪನಿಗೂ ಯೇಸುವಿನ ಹೆಸರು ತಿಳಿದದ್ದು ಒಂದು ಹೆರಿಗೆಯ ದೆಸೆಯಿಂದ. ಸಾವಿರದ ಒಂಬೈನೂರ ಐವತ್ತನಾಲ್ಕರಲ್ಲಿ ಕೂಸು ಹೊಟ್ಟೆಯಲ್ಲೇ ಅಡ್ಡ ತಿರುಗಿ ಸೂಲಗಿತ್ತಿ ಕೈಚೆಲ್ಲಿದಾಗ, ಅವಳನ್ನು ಗಾಡಿಯಲ್ಲಿ ಮಲಗಿಸಿ ಹಾಸನದ ಮಿಷನ್ ಆಸ್ಪತ್ರೆಗೆ ಸಾಗಿಸಿದ್ದರು. ಅಲ್ಲಿ ಯಾರೂ ಅವಳ ಕುಲ ಕೇಳಲಿಲ್ಲ. ನರ್ಸಮ್ಮ ಅವಳ ಮೈಯ ರಕ್ತ ತೊಳೆದು, ತಲೆ ಬಾಚಿ ಜಡೆ ಹಾಕಿದಳು. ಅವ್ವನನ್ನು ಬಿಟ್ಟರೆ ಬೇರೆ ಯಾರೂ ತನ್ನ ತಲೆ ಮುಟ್ಟಿರಲಿಲ್ಲವೆಂದು ಹೊನ್ನಕ್ಕ ಆಮೇಲೆ ಎಷ್ಟೋ ಸಲ ಹೇಳುತ್ತಿದ್ದಳು. ಬದುಕಿ ಬಂದ ಹೆಣ್ಣುಕೂಸಿಗೆ ಕರುಣೆ ಎಂದು ಹೆಸರಿಟ್ಟರು. ಮರುವರ್ಷ, ಅರಕಲಗೂಡಿನ ಉಪದೇಶಿ ಈಶ್ವರಯ್ಯನವರಿಂದ ಪಾಠ ಹೇಳಿಸಿಕೊಂಡು, ಗಂಡಹೆಂಡಿರಿಬ್ಬರೂ ದೀಕ್ಷಾಸ್ನಾನ ಪಡೆದರು.

ಅಲ್ಲಿಂದಾಚೆಗೆ ಬೋರಪ್ಪ ಮಾರಿಹಬ್ಬಕ್ಕೆ ತಮಟೆ ಬಡಿಯಲಿಲ್ಲ, ಸತ್ತ ದನ ಹೊರಲು ಹೋಗಲಿಲ್ಲ. ಪಟೇಲರು ಅವನನ್ನು ಕೂಲಿಗೆ ಕರೆಯುವುದನ್ನು ಬಿಟ್ಟರು. ಕೇರಿಯವರಿಗೂ ಒಳಗೊಳಗೇ ಸಿಟ್ಟು. ಇವನೊಬ್ಬ ಬಿಟ್ಟ ಕೆಲಸಕ್ಕೆ ಬೈಗುಳವೆಲ್ಲ ಅವರ ಪಾಲಿಗೆ ಬರುತ್ತಿತ್ತು. ಹೊನ್ನಕ್ಕ ರಸ್ತೆಗೆ ಜಲ್ಲಿ ಒಡೆದು ಮನೆ ನಡೆಸಿದಳು.

ಐವತ್ತೆಂಟರ ಮಾಗಿಯಲ್ಲಿ ಕರುಣೆಗೆ ಗಂಟಲುಮಾರಿ ಹಿಡಿಯಿತು. ಮಗು ನೀರು ನುಂಗಲಾರದೆ ಒದ್ದಾಡುತ್ತಿತ್ತು. ಬೋರಪ್ಪ ಗಾಡಿ ಕೇಳಿಕೊಂಡು ಊರೆಲ್ಲ ಸುತ್ತಿದ.

"ನಿಮ್ ಯೇಸಪ್ಪನ್ಗೇ ಗಾಡಿ ಕಟ್ಟಕ್ಕೇಳೋಗ್ಲಾ" ಎಂದು ನಕ್ಕು ಕಳಿಸಿದರು.

ಮರುದಿನ ಮುಂಜಾನೆ ಹೊನ್ನಕ್ಕನ ಮಡಿಲಲ್ಲೇ ಮಗುವಿನ ಉಸಿರು ನಿಂತಿತು.

ಬೋರಪ್ಪ ಗುದ್ದಲಿ ಹಿಡಿದು ಕೇರಿಯ ಮಸಣಕ್ಕೆ ಹೋದರೆ, ಯಜಮಾನ ಮಂಚಯ್ಯ ದಾರಿಗೆ ಅಡ್ಡ ನಿಂತ. ಅವನು ಬೇರೆ ಯಾರೂ ಅಲ್ಲ, ಬೋರಪ್ಪನ ಒಡಹುಟ್ಟಿದ ಅಣ್ಣ.

"ಇಲ್ಲಿ ಬ್ಯಾಡ ಕಣ್ಲಾ ಬೋರ. ಕುಲ ಬಿಟ್ಟೋರ ಮಗೀಗೆ ಮಣ್ಣು ಕೊಟ್ರೆ ಪಟೇಲ್ರು ನಾಳೀಕೆ ನಮ್ಮನ್ನೂ ಒಲಕ್ಕೆ ಬುಡಾಕಿಲ್ಲ."

"ನಿನ್ ತಮ್ಮನ್ ಮಗು ಅಲ್ವಾ ಭಾವ?" ಎಂದಳು ಹಿಂದೆಯೇ ಬಂದಿದ್ದ ಹೊನ್ನಕ್ಕ.

ಮಂಚಯ್ಯ ಅವಳ ಮುಖ ನೋಡಲಿಲ್ಲ. ದಾರಿಯನ್ನೂ ಬಿಡಲಿಲ್ಲ. ಬೋರಪ್ಪ ಗುದ್ದಲಿಯನ್ನು ಅಲ್ಲೇ ಬಿಸಾಕಿ ಕುಕ್ಕರಿಸಿದವನು, ಕರೆದರೂ ಏಳಲಿಲ್ಲ.

ಹೊನ್ನಕ್ಕ ಮಗುವಿನ ಮುಖ ತೊಳೆದು, ಹಳೇ ಸೀರೆಯಲ್ಲಿ ಸುತ್ತಿ, ಹೆಗಲಿಗೆ ಹಾಕಿಕೊಂಡು, ಹಾಸನದ ಬಸ್ಸು ಹಿಡಿಯಲು ಅರಕಲಗೂಡಿಗೆ ನಡೆದಳು. ಹಾಸನದಲ್ಲಿ ಕ್ರೈಸ್ತರ ಸಮಾಧಿಭೂಮಿ ಇರುವುದು ಅವಳಿಗೆ ಗೊತ್ತಿತ್ತು. ಹೆಣವೆಂದರೆ ಬಸ್ಸಿಗೆ ಹತ್ತಿಸುವುದಿಲ್ಲವೆಂಬುದೂ ಗೊತ್ತಿತ್ತು. ಅದಕ್ಕೇ ಮಲಗಿರುವ ಕೂಸನ್ನು ಹಿಡಿದಂತೆ ಮಗುವನ್ನು ಎದೆಗೆ ಒತ್ತಿಕೊಂಡು, ಬಸ್ಸಿನಲ್ಲಿ ಸೀಟಿನ ಪಕ್ಕ ಕೆಳಗೆ ಕೂತಳು.

ಸೀಟಿನಲ್ಲಿ ಸಾಲಗಾಮೆಯ ಒಕ್ಕಲಗಿತ್ತಿ ನಂಜಮ್ಮ ಕೂತಿದ್ದಳು. ಅವಳು ಮಡಿಲ ಗಂಟಿನಿಂದ ಒಂದು ಬಾಳೆಹಣ್ಣು ತೆಗೆದು ನೀಡಿದಳು. "ಮಗೀಗ್ ಕೊಡವ್ವ."

"ಮನಗದೆ ಅಮ್ಮಾವ್ರೇ. ಎದ್ಮ್ಯಾಲೆ ಕೊಡ್ತೀನಿ" ಎಂದು ಹೊನ್ನಕ್ಕ ಹಣ್ಣು ಇಸಿದುಕೊಂಡಳು.

ಬಸ್ಸು ಕುಲುಕಿದಾಗ ಸೀರೆ ಸರಿದು ಮಗುವಿನ ಪಾದ ಹೊರಗೆ ಜಾರಿತು. ನಂಜಮ್ಮ ಸರಿಪಡಿಸಲು ಬಗ್ಗಿ ಮುಟ್ಟಿದವಳು ತಟ್ಟನೆ ಕೈ ತೆಗೆದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹೊನ್ನಕ್ಕ ಕೂಗಿಗೆ, ಬಯ್ಗುಳಕ್ಕೆ ಕಾದಳು. ಅಷ್ಟರಲ್ಲಿ ಕಂಡಕ್ಟರು ಹತ್ತಿರ ಬಂದ.

"ಏನಮ್ಮಾ, ಮಗೀಗೆ ಉಸಾರಿಲ್ವಾ? ಸಿಡುಬು, ಅಮ್ಮಗಿಮ್ಮ ಎದ್ದದಾ?"

"ಮನಗಿರೋ ಮಗು ಕಣಪ್ಪ. ಎಬ್ಬಿಸ್ಬ್ಯಾಡ, ಮುಂದಕ್ಕೋಗು" ಎಂದಳು ನಂಜಮ್ಮ. ಆ ತಣ್ಣನೆಯ ಪಾದದ ಮೇಲೆ ತನ್ನ ಸೆರಗನ್ನೇ ಹೊದಿಸಿದಳು. ಹಾಸನ ಬರುವ ತನಕ ಅವಳು ಸೆರಗನ್ನು ತೆಗೆಯಲಿಲ್ಲ.

ಕರುಣೆಯನ್ನು ಹಾಸನದಲ್ಲಿ ಮಣ್ಣು ಮಾಡಿದರು. ಹೊನ್ನಕ್ಕ ಊರಿಗೆ ಹಿಂತಿರುಗಿದಾಗ ಬೋರಪ್ಪ ಬೇರೆಯೇ ಮನುಷ್ಯನಾಗಿದ್ದ. ವರ್ಷ ತುಂಬುವುದರೊಳಗೆ ಅವನು ಅಣ್ಣನ ಕಾಲಿಗೆ ಬಿದ್ದು ಮತ್ತೆ ತಮಟೆ ಎತ್ತಿಕೊಂಡ, ಹೆಂಡಕ್ಕೂ ಬಿದ್ದ. "ನಿನ್ ದೇವ್ರು ನನ್ ಮಗೀನ ತಿಂದ್ಬುಟ್ಟ" ಎಂದು ಅವಳನ್ನು ಹೊಡೆಯುತ್ತಿದ್ದ. ಹೊನ್ನಕ್ಕ ಬಾಸುಂಡೆ ಬಿದ್ದ ಮೈಯಲ್ಲೇ ಭಾನುವಾರ ಭಾನುವಾರ ಅರಕಲಗೂಡಿನ ಪ್ರಾರ್ಥನೆಗೆ ನಡೆದು ಹೋಗುತ್ತಿದ್ದಳು. ಹಾಡು ಮಾತ್ರ ಅವಳ ಬಾಯಿಂದ ಬರುತ್ತಿರಲಿಲ್ಲ.

"ಮನಸ್ನಾಗೆ ಬೆಂಕಿ ಮಡಿಕ್ಕೊಂಡು ಬತ್ತೀನಿ ಕಣಯ್ಯಾ. ಇದು ಪ್ರಾರ್ಥನೆ ಆದದಾ?" ಎಂದು ಒಮ್ಮೆ ಉಪದೇಶಿಯವರನ್ನು ಕೇಳಿದಳು.

ಈಶ್ವರಯ್ಯ, "ನಂಗೂ ಗೊತ್ತಿಲ್ಲ ಕಣವ್ವ. ಆದ್ರೆ ಬರೋದ್ ಬುಡಬ್ಯಾಡ" ಎಂದರು.

ಅರವತ್ತಮೂರರ ಬೇಸಿಗೆಯಲ್ಲಿ ಕೇರಿಗೆ ಸಿಡುಬು ಬಂತು. ಕೈಕಾಲು ಆಡುತ್ತಿದ್ದವರು ಮಕ್ಕಳನ್ನು ಕಟ್ಟಿಕೊಂಡು ನೆಂಟರೂರಿಗೆ ಓಡಿದರು. ಹೊನ್ನಕ್ಕನಿಗೆ ಚಿಕ್ಕಂದಿನಲ್ಲೇ ಸಿಡುಬು ಎದ್ದು ಹೋಗಿತ್ತು, ಮುಖದ ತುಂಬ ಅದರ ಕಲೆ. ಮತ್ತೆ ಬರುವುದಿಲ್ಲವೆಂದು ಆಸ್ಪತ್ರೆಯವರು ಹೇಳಿದ್ದರು. ಅವಳು ಮನೆಯಿಂದ ಮನೆಗೆ ಗಂಜಿ ಹೊತ್ತಳು. ಮಂಚಯ್ಯನೂ ಅವನ ಹೆಂಡತಿ ಲಕ್ಷ್ಮಿದೇವಮ್ಮನೂ ಬೇವಿನ ಸೊಪ್ಪಿನ ಮೇಲೆ ಬಿದ್ದಿದ್ದ ಗುಡಿಸಲ ಬಾಗಿಲಿಗೆ ಬಂದಾಗ ಅವಳ ಕಾಲು ನಿಂತಿತು. ಗಡಿಗೆ ಹಿಡಿದುಕೊಂಡು ಹೊಸ್ತಿಲಾಚೆಯೇ ನಿಂತಳು. ಹಿಂದಕ್ಕೆ ತಿರುಗಿ ಹತ್ತು ಮಾರು ಹೋದದ್ದೂ ಉಂಟು. ಒಳಗಿಂದ ಲಕ್ಷ್ಮಿದೇವಮ್ಮ ನೀರು ಕೇಳಿದ ದನಿಗೆ ಮತ್ತೆ ಬಂದಳು.

ಮಂಚಯ್ಯ ಅವಳ ಗುರುತು ಹಿಡಿದ. "ಹೊನ್ನೀ, ಅವತ್ತು ಮಗೀಗೆ..." ಎಂದು ತೊದಲಿದ.

"ಅದ್ನೀಗ ಆಡ್ಬ್ಯಾಡ ಭಾವ. ನಂಗೆ ತಡಕಣಕ್ಕಾಗಾಕಿಲ್ಲ. ಗಂಜಿ ಕುಡಿ" ಎಂದಳು.

ಲಕ್ಷ್ಮಿದೇವಮ್ಮ ಉಳಿದಳು. ಮಂಚಯ್ಯ ಉಳಿಯಲಿಲ್ಲ. ಹೆಣ ಮುಟ್ಟುವವರು ಯಾರೂ ಇರಲಿಲ್ಲ. ಹೊನ್ನಕ್ಕ ಅದನ್ನು ಚಾಪೆಯಲ್ಲಿ ಸುತ್ತಿ, ಎಳೆದುಕೊಂಡು ಮಸಣಕ್ಕೆ ಹೋಗಿ, ಅಗೆಯತೊಡಗಿದಳು. ಮೊಣಕಾಲುದ್ದ ಅಗೆಯುವಾಗ ತಾನೆಲ್ಲಿ ನಿಂತಿರುವೆನೆಂದು ನೆನಪಾಯಿತು. ಐದು ವರ್ಷ ಬಾರದ ಅಳು ಆಗ ಬಂತು. ಗುಂಡಿಯಲ್ಲೇ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಕುಡಿದ ಅಮಲು ಇಳಿದು, ಹುಡುಕಿಕೊಂಡು ಬಂದ ಬೋರಪ್ಪ ಬಹಳ ಹೊತ್ತು ದಡದ ಮೇಲೆ ನಿಂತಿದ್ದ. ಆಮೇಲೆ ಕೆಳಗಿಳಿದು ಅವಳ ಕೈಯಿಂದ ಗುದ್ದಲಿ ತೆಗೆದುಕೊಂಡ.

ಆ ಬೇಸಿಗೆಯಲ್ಲಿ ಕೇರಿಯ ಹೆಣಗಳನ್ನೆಲ್ಲ ಅವರಿಬ್ಬರೇ ಸಾಗಿಸಿದರು. ಹೋದವರು ಹಿಂತಿರುಗಿ ಬಂದಾಗ ಲಕ್ಷ್ಮಿದೇವಮ್ಮ ಕೇರಿ ಕೂಡಿಸಿ ಹೇಳಿದಳು: "ಮಸಣ್ದಾಗೆ ಇನ್ಮ್ಯಾಲೆ ಇವ್ಳುನ್ನ ಯಾರೂ ತಡೀಕೂಡ್ದು. ತಡದೋರು ನನ್ ಎಣ ಎತ್ತಕ್ಕೂ ಬರ್ಬ್ಯಾಡಿ."

ಪಟೇಲರ ಮನೆಯವರು ಮಾತ್ರ ಕೊನೆಯವರೆಗೂ ಹೊನ್ನಕ್ಕನನ್ನು ಕೂಲಿಗೆ ಕರೆಯಲಿಲ್ಲ. ಬೋರಪ್ಪ ಹೆಂಡ ಬಿಟ್ಟು ಬಿಟ್ಟು ಹಿಡಿಯುತ್ತ, ಅರವತ್ತೇಳರಲ್ಲಿ ಕ್ಷಯ ಬಂದು ತೀರಿಕೊಂಡ. ಹೊನ್ನಕ್ಕ ಕೇಳಿಕೊಂಡಂತೆ ಈಶ್ವರಯ್ಯನವರು ಪ್ರಾರ್ಥನೆ ಮಾಡಿ ಅವನನ್ನು ಕೇರಿಯ ಮಸಣದಲ್ಲೇ ಮಣ್ಣಿಗಿಟ್ಟರು. ಮುಂದಿನ ಭಾನುವಾರ ಹೊನ್ನಕ್ಕ ಎಂದಿನಂತೆ ಅರಕಲಗೂಡಿನ ದಾರಿ ಹಿಡಿದಳು. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ಲಕ್ಷ್ಮಿದೇವಮ್ಮ ಜೊತೆಗೆ ಹೊರಟು, ಪ್ರಾರ್ಥನೆ ಮುಗಿಯುವ ತನಕ ಹೊರಗಿನ ಜಗಲಿಯಲ್ಲಿ ಕೂತು ಕಾದಳು.