ಗಾಳೆಮ್ಮ ಹೊದಿಸಿದ ಬುನಾದಿ

ಈಶಪ್ಪನಿಗೆ ಗಾಳೆಮ್ಮ ಮೊದಲು ಎದುರಾದದ್ದು ೧೯೭೮ರ ಡಿಸೆಂಬರಿನ ಒಂದು ಮುಂಜಾನೆ, ಗಂಗಾವತಿ ಹತ್ತಿರ ಹಳ್ಳದ ಮೇಲೆ ಕಟ್ಟುತ್ತಿದ್ದ ಮೇಲ್ಗಾಲುವೆಯ ಕೆಲಸದಲ್ಲಿ. ಹೊಸದಾಗಿ ಬಂದ ಕಿರಿಯ ಎಂಜಿನಿಯರ್ ಅವನು. ಇಸ್ತ್ರಿ ಪ್ಯಾಂಟು, ಹೊಸ ಬೂಟು ಹಾಕಿಕೊಂಡು ಸೈಕಲ್ ಇಳಿದವನೇ, ಹಿಂದಿನ ದಿನ ಹಾಕಿದ್ದ ಕಂಬದ ಬುನಾದಿಯ ಮಗ್ಗುಲಿಗೆ ನಿಂತ. ಮೇಲಿಂದ ಒಂದು ಕೊಡ ನೀರು ಸುರಿದು ಬೂಟು ತುಂಬಿತು. ತಲೆ ಎತ್ತಿದರೆ ಬುನಾದಿಯ ಮೇಲೆ ಹಸಿರು ಸೀರೆಗೆ ಕಚ್ಚೆ ಹಾಕಿದ ದಪ್ಪ ಹೆಂಗಸು.

"ಅಲ್ಲೇ ನಿಂದ್ರಿ ಸಾಹೇಬರ, ನೀವೂ ಬಿರುಕು ಬಿಡಬಾರದಲ್ರಿ!"

ಮೇಸ್ತ್ರಿ ಗಿಡ್ಡಪ್ಪ ನಗುತ್ತ ಸಂಗತಿ ಹೇಳಿದ. ಇದಕ್ಕೂ ಮುಂಚೆ ಹಾಕಿದ್ದ ಇನ್ನೊಂದು ಕಂಬದ ಬುನಾದಿ ಸೀಳಿತ್ತು. ಹಸಿ ಕಾಂಕ್ರೀಟಿಗೆ ನೀರು ಹೊಡೆಯುವ ಈ ಗಾಳೆಮ್ಮನ ಮೈಗಳ್ಳತನವೇ ಕಾರಣವೆಂದು ಗುತ್ತೇದಾರ ಎಲ್ಲರೆದುರು ಅಂದಿದ್ದ. ಇದೂ ಸೀಳಿದರೆ ಅವಳಿಗೆ ಇಲ್ಲಿ ಕೆಲಸವಿಲ್ಲ. ಅದಕ್ಕೇ ಹಳ್ಳದ ತಣ್ಣೀರು ಬಿಡುವಿಲ್ಲದೆ ಬೀಳುತ್ತಿತ್ತು.

ಅವಳ ಶ್ರದ್ಧೆ ಕಂಡಷ್ಟೂ ಈಶಪ್ಪನಿಗೆ ದಿಗಿಲು. ಅಷ್ಟು ದಪ್ಪ ಕಾಂಕ್ರೀಟು ಗಟ್ಟಿಯಾಗುವಾಗ ಒಳಗೆ ಕಾದು ಉಬ್ಬುತ್ತದೆ. ಆಗ ತಣ್ಣೀರು ಬಿದ್ದರೆ ಹೊರಮೈ ಕುಗ್ಗಿ ಸೀಳುತ್ತದೆ.

"ತಣ್ಣೀರು ಸಾಕು ಮಾಡಬೇ ಯವ್ವಾ. ಇದಕ್ಕ ಹೊದಿಸಬೇಕು."

"ಹೊದಿಸೂದಾ? ಮೈಯಾಗಿಂದ ಹಬಿ ಏಳಾಕತ್ತೈತಿ, ಕಾಣವಲ್ದೇನ್ರಿ? ಇದು ಸೀಳಿದ್ರ ನೀವು ವರ್ಗ ಆಗಿ ಹೊಕ್ಕೀರಿ. ನಾ ಎಲ್ಲಿಗೆ ಹೋಗ್ಲಿ?"

ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ಹೇಳಿದರೂ ಅವಳು ಕೊಡ ಇಳಿಸಲಿಲ್ಲ. ಈಶಪ್ಪ ಬೇರೆ ದಾರಿ ಹಿಡಿದ.

"ನಮ್ಮಕ್ಕ ಹಡದಾಗ ಅವ್ವ ಕಿವಿಗೆ ಅರಿವಿ ಕಟ್ಟಿ, ಕಂಬಳಿ ಹೊದಿಸಿ, ತಣ್ಣೀರು ಮುಟ್ಟಗೊಡಲಿಲ್ಲ. ಯಾಕ?"

"ಹಸಿ ಮೈರಿ. ಒಮ್ಮೆಲೆ ತಂಪಾದ್ರ ಕೆಡತೈತಿ."

"ಇದೂ ಹಸಿ ಮೈನ."

ಗಾಳೆಮ್ಮ ಕೊಡ ಕೆಳಗಿಟ್ಟಳು. "ಮೊದ್ಲ ಹಂಗ ಹೇಳಬಾರದೇನ್ರಿ?"

ಅಲ್ಲಿಂದ ಮುಂದೆ ಬುನಾದಿ ಈಶಪ್ಪನ ಕೈತಪ್ಪಿತು. ಗಾಳೆಮ್ಮ ಗೋಣಿಚೀಲ ಹಾಸಿ, ಬಿಸಿಲಿಗಿಟ್ಟ ನೀರು ಚಿಮುಕಿಸಿ, ಮೇಲೆ ಒಂದು ಬಂಡಿ ಭತ್ತದ ಹುಲ್ಲು ಹೇರಿದಳು. ನೋಡಬಂದವರನ್ನು "ದೂರ ನಿಂದ್ರಿ, ದೃಷ್ಟಿ ಆದೀತು" ಎಂದು ಗದರಿದಳು. ಒಂದು ಮಧ್ಯಾಹ್ನ ಈಶಪ್ಪ ಬಂದರೆ ಹುಲ್ಲಿಗೆ ಅಂಟಿಕೊಂಡಂತೆ ಕೆಂಡದ ಅಗ್ಗಿಷ್ಟಿಗೆ, ಘಮಘಮ ಲೋಬಾನದ ಹೊಗೆ!

"ಬಾಣಂತಿಗೆ ಹೊಗಿ ಬ್ಯಾಡೇನ್ರಿ?"

"ಬಾಣಂತಿ ಬೂದಿ ಆಗತಾಳಬೇ!"

ಅವನು ಓಡಿ ಅಗ್ಗಿಷ್ಟಿಗೆಯನ್ನು ಹಳ್ಳಕ್ಕೆ ಎಸೆದ. ಸಿಟ್ಟಿಗೆ ಗಾಳೆಮ್ಮ ಮಾತು ಬಿಟ್ಟಳು, ಕಾವಲು ಬಿಡಲಿಲ್ಲ.

ಒಳಗಿನ ಕಾವು ಇಳಿದ ಮೇಲೆ ಹುಲ್ಲನ್ನು ಪದರಪದರವಾಗಿ ತೆಗೆದರು. ಗುತ್ತೇದಾರ ಕಣ್ಣು ಕಿರಿದು ಮಾಡಿ ಸುತ್ತು ಹಾಕಿದ. ಕೂದಲೆಳೆಯಷ್ಟೂ ಬಿರುಕಿಲ್ಲ.

"ಮುಂದಿನ ಕಂಬಕ್ಕೂ ಇಕಿನ ಇರ್ಲಿ" ಎಂದ.

"ಇರತೀನ್ರಿ. ಅವತ್ತು ಮೈಗಳ್ಳಿ ಅಂತ ಎಲ್ಲಾರ ಮುಂದ ಅಂದ್ರಿ. ಅಲ್ಲ ಅನ್ನೂದನ್ನೂ ಎಲ್ಲಾರ ಮುಂದನ ಹೇಳ್ರಿ."

ಗುತ್ತೇದಾರ ಕೆಮ್ಮಿದ, ಗಿಡ್ಡಪ್ಪನ ಮುಖ ನೋಡಿದ, ಕೊನೆಗೆ ಹೇಳಿದ. ಹಿಂದೆ ನಿಂತವರಿಗೆ ಕೇಳಿಸಲಿಲ್ಲವೆಂದು ಗಾಳೆಮ್ಮ ಇನ್ನೊಮ್ಮೆ ಹೇಳಿಸಿದಳು.

ಈಗ, ೧೯೮೬ರಲ್ಲಿ, ಅವಳು ಕುಷ್ಟಗಿ ಕಡೆಯ ಸೇತುವೆ ಕೆಲಸದಲ್ಲಿ ಕಾಂಕ್ರೀಟಿಗೆ ನೀರುಣಿಸಿ ಹೊದಿಸುವ ಹೆಂಗಸರ ಮೇಸ್ತ್ರಿಯಾಗಿದ್ದಾಳೆ.