ಕಾಲು ಚಾಚುವ ಕಂಬಿ

ಹಿರಿಯೂರಿನ ರಸ್ತೆಯಲ್ಲಿ ತಿರುವು ದಾಟುತ್ತಿದ್ದಂತೆ ಎದುರಿಗೆ ಕುರಿಹಿಂಡು ಕಂಡಿತು. ಮೋಟಾರ್ ಸೈಕಲ್ ಓಡಿಸುತ್ತಿದ್ದ ನನ್ನಣ್ಣನ ಎರಡೂ ಕಾಲು ಮುಂದಿನ ಲೆಗ್ ಗಾರ್ಡಿನ ಕಂಬಿಗಳ ಮೇಲಿದ್ದವು. ದೂರ ಹೋಗುವಾಗ ಕಾಲು ಚಾಚಿಕೊಳ್ಳಲೆಂದು ಅವುಗಳನ್ನು ವೆಲ್ಡಿಂಗ್ ಮಾಡಿ ಕೂರಿಸಿದವನು ನಾನೇ. ಅವನ ಕಾಲು ಬ್ರೇಕಿಗಾಗಿ ತಡಕಾಡುವುದು ಹಿಂದೆ ಕುಳಿತಿದ್ದ ನನಗೆ ಕಾಣುತ್ತಿತ್ತು. ಸಿಗಲಿಲ್ಲ. ಕುರಿಗಳನ್ನು ತಪ್ಪಿಸಲು ಅವನು ಹ್ಯಾಂಡಲ್ ತಿರುಗಿಸಿದ, ಇಬ್ಬರೂ ಉರುಳಿದೆವು. ನನಗೆ ತರಚುಗಾಯ. ಅಣ್ಣನ ಮಂಡಿಚಿಪ್ಪು ಒಡೆದಿತ್ತು.

ಬೆಳಿಗ್ಗೆ ಚಿತ್ರದುರ್ಗದಿಂದ ಹೊರಡುವಾಗಲೇ ಅವನು ಹೇಳಿದ್ದ: "ಲೇ, ಕಂಬಿ ಭಾಳ ಮುಂದೈತೆ. ನಾನೇನು ನಿನ್ನಂಗೆ ಕೊಕ್ಕರೆನಾ?"

"ರೂಢಿ ಆಗ್ತೈತೆ, ನಡಿಯಣ್ಣ" ಎಂದು ನಕ್ಕುಬಿಟ್ಟಿದ್ದೆ. ಅವನನ್ನು ಸೀಟಿನ ಮೇಲೆ ಕೂರಿಸಿ ಅಳತೆ ತೆಗೆಯದೆ, ನಾನೇ ಕುಳಿತು ನನ್ನ ಕಾಲಿನ ಅಳತೆಗೆ ಗುರುತು ಹಾಕಿದ್ದೆ. ಕತ್ತರಿಸಿ ಮತ್ತೆ ಬೆಸೆಯಲು ಸೋಮಾರಿತನ.

ಆಸ್ಪತ್ರೆಯಲ್ಲಿ ಅವ್ವ ಅಳುತ್ತಾ ಕೇಳಿದಾಗ ಅಣ್ಣ, "ಕುರಿ ಅಡ್ಡ ಬಂದ್ವು ಕಣವ್ವಾ" ಎಂದು ನನ್ನ ಕಡೆ ನೋಡಿದ. ನಾನೂ "ಹೂಂ, ಕುರಿನೇ" ಎಂದೆ.

ಅವನ ಮಂಡಿ ಈಗಲೂ ಮಡಚುವುದಿಲ್ಲ. ಊಟಕ್ಕೆ ಕೂತಾಗ ಆ ಕಾಲನ್ನು ಮುಂದಕ್ಕೆ ಚಾಚಿಕೊಳ್ಳುತ್ತಾನೆ. ಅವ್ವ ಕುರಿಗಳನ್ನು ಬೈಯುತ್ತಾಳೆ. ಅವಳಿಗೆ ಓದಲು ಬರುವುದಿಲ್ಲವೆಂಬ ಧೈರ್ಯದಿಂದ ಇದನ್ನು ಬರೆದಿದ್ದೇನೆ.